ಬರ್ತೇನಿ ಅಂದಮೇಲಿನ ಹೊತ್ತು

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಹಳಿಯಾಳದ ಪೇಟೆಯಲ್ಲಿದ್ದ ಒಂದು ಬ್ಯಾಂಕಿನಲ್ಲಿ ಕಸ ಹೊಡೆದು ನೀರು ತುಂಬುವ ಕೆಲಸ ನನ್ನದು. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಅಲ್ಲಿದ್ದವರ ಹೆಸರೂ ಬೇಡ. ಅವರಲ್ಲಿ ಯಾರೂ ಈಗ ಉಳಿದಿಲ್ಲ, ಮಕ್ಕಳು ಮೊಮ್ಮಕ್ಕಳು ಇರಬಹುದು. ನಾನು ಹೇಳಹೊರಟದ್ದು ಒಂದೇ ವಾರದ ಕೆಲಸ. ಆ ವಾರ ನನ್ನ ಕೈಯಿಂದ ಕಸಬರಿಗೆ ಬಿಡಿಸಿ ಒಂದು ಸುತಳಿ ಕೊಟ್ಟಿದ್ದರು. ಬ್ಯಾಂಕು ಎಷ್ಟು ಚುರುಕಾಗಿದೆ ಎಂದು ಅಳೆಯುವ ಸುತಳಿ.

ಮೊದಲು ಆ ಬ್ಯಾಂಕು ಹೇಗೆ ನಡೆಯುತ್ತಿತ್ತು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದೇ ಪಡಸಾಲೆ, ನಡುವೆ ಎದೆಮಟ್ಟಕ್ಕೆ ಅಡ್ಡಗಟ್ಟಿದ ಮರದ ಕಟಾಂಜನ. ಕಟಾಂಜನದ ಹಿಂದೆ ಇಬ್ಬರು: ಒಬ್ಬರು ಕಾರಕೂನರು, ಇನ್ನೊಬ್ಬ ಕ್ಯಾಶಿಯರ್. ಹಲಗೆ ಹೊಡೆದು ಮಾಡಿದ ಒಳಕೋಣೆಯಲ್ಲಿ ಏಜೆಂಟ್ ಸಾಹೇಬರು. ಆಗ ಶಾಖೆಯ ಮುಖ್ಯಸ್ಥನಿಗೆ ಏಜೆಂಟ್ ಎನ್ನುತ್ತಿದ್ದರು. ರೊಕ್ಕ ತೆಗೆಯಲು ಬಂದವರು ಚೀಟಿಗೆ ಸಹಿ ಹಾಕಿ ಕಾರಕೂನರಿಗೆ ಕೊಡಬೇಕು. ಅವರು ಹಿತ್ತಾಳೆಯ ಬಿಲ್ಲೆ ಕೊಟ್ಟು, ಹಳೆಯ ಸಹಿ ಇರುವ ಕಾರ್ಡು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ದೊಡ್ಡ ಪುಸ್ತಕದಲ್ಲಿ ಬರೆದು, ಚೀಟಿಯನ್ನು ಒಳಗೆ ಕಳಿಸಬೇಕು. ಏಜೆಂಟರ ಸಹಿಯಾಗಿ ಬಂದಮೇಲೆ ಕ್ಯಾಶಿಯರ್ ಬಿಲ್ಲೆಯ ನಂಬರು ಕೂಗುತ್ತಾನೆ.

ಸಹಿ ಬಾರದವರಿಗೆ ಹೆಬ್ಬೆಟ್ಟು. ಹೆಬ್ಬೆಟ್ಟು ಎಂದರೆ ಬ್ಯಾಂಕಿಗೆ ಗುರುತಿರುವ ಸಾಕ್ಷಿ ಬೇಕು. ಜೋಯಿಡಾ ಕಡೆಯ ಕಾಡಿನಿಂದ ಬಂದ ಹೆಂಗಸಿಗೆ ಹಳಿಯಾಳದ ಪೇಟೆಯಲ್ಲಿ ಸಾಕ್ಷಿ ಎಲ್ಲಿಂದ ಸಿಗಬೇಕು? ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಅದಕ್ಕೆಂದೇ ಒಬ್ಬ ಕೂತಿರುತ್ತಿದ್ದ. ಬಂದು ಸಾಕ್ಷಿ ಹಾಕಿ ತನ್ನ ಪಾಲು ತೆಗೆದುಕೊಂಡು ಹೋಗುತ್ತಿದ್ದ. ನನ್ನ ಗಂಡ ಗುತ್ತಿಗೆದಾರನೊಬ್ಬನ ಕೈಕೆಳಗೆ ದಿಮ್ಮಿ ಹೇರುವಾಗ ಸತ್ತ. ಅದರ ಪರಿಹಾರ ಈ ಬ್ಯಾಂಕಿಗೆ ಬಂದಿತ್ತು. ಮೊದಲ ಸಲ ತೆಗೆಯಲು ಹೋದಾಗ ಆ ಮನುಷ್ಯ ನನ್ನಿಂದಲೂ ಕಿತ್ತುಕೊಂಡ.

ಕಾರಕೂನರು ಇದಕ್ಕೊಂದು ದಾರಿ ಮಾಡಿದ್ದರು. ವಯಸ್ಸು ಐವತ್ತೈದರ ಹತ್ತಿರ, ಮೂಗಿಗೆ ನಶ್ಯ, ಬಾಯಿ ಕೆಟ್ಟದ್ದು. ಹೆಂಗಸರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಹೆಬ್ಬೆಟ್ಟಿನ ಹೆಂಗಸರು ರೊಕ್ಕ ಕೈಗೆ ಬಂದಮೇಲೆ ಹಾಗೇ ಹೋಗುವಂತಿಲ್ಲ. ಕಟಾಂಜನದ ಬುಡದಲ್ಲಿ ಕೂತು ಪಾಟಿಯ ಮೇಲೆ ತಮ್ಮ ಹೆಸರಿನ ಒಂದು ಅಕ್ಷರ ತಿದ್ದಬೇಕು. ಒಂದು ಸಲಕ್ಕೆ ಒಂದೇ. ಮುಂದಿನ ಸಲ ಬಂದಾಗ ಮತ್ತೊಂದು. ಹೆಸರು ಪೂರ್ತಿಯಾದ ದಿನ ಹೊಸ ಕಾರ್ಡಿಗೆ ಸಹಿ ಹಾಕಿಸಿ ಏಜೆಂಟರ ಮುಂದೆ ಇಡುತ್ತಿದ್ದರು. ಆವತ್ತಿನಿಂದ ಅವಳಿಗೆ ಸಾಕ್ಷಿಯ ಹಂಗಿಲ್ಲ. ನಾನು ಕಲಿತದ್ದೂ ಹಾಗೇ. ಹೆಸರು ಮುಗಿದ ಮೇಲೆ ಉಳಿದ ಅಕ್ಷರಗಳನ್ನೂ ಕೇಳಿ ಕೇಳಿ ತೆಗೆದುಕೊಂಡೆ. ಈಗ ಇಷ್ಟು ಬರೆಯಲು ಬರುವುದು ಅದರಿಂದ. ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ಆ ವರ್ಷ ಮಳೆ ನಿಂತು ಭತ್ತ ಇನ್ನೂ ಹಸಿರಿರುವಾಗ ಮುಂಬೈಯ ದೊಡ್ಡ ಕಚೇರಿಯಿಂದ ಒಬ್ಬ ಬಂದ. ಚಿಕ್ಕ ವಯಸ್ಸು, ಮೈಸೂರು ಕಡೆಯ ಮಾತು. ದಾಂಡೇಲಿಯ ಶಾಖೆಯನ್ನು ಅಳೆದು ಮುಗಿಸಿ ನಮ್ಮಲ್ಲಿಗೆ ಬಂದಿದ್ದ. ನಾನು ಅವನನ್ನು ಅಳತೆಯವನು ಎಂದೇ ಕರೆಯುತ್ತೇನೆ. ದೇಶ ಮುಂದೆ ಬರಬೇಕಾದರೆ ಬ್ಯಾಂಕು ಊರೂರಿಗೆ ಹೋಗಬೇಕು, ಮುಂಡಗೋಡದಂಥ ಕಡೆಗೂ ಶಾಖೆ ಬೇಕು, ಆದರೆ ಇರುವವೇ ಸರಿಯಾಗಿ ಕೆಲಸ ಮಾಡದಿದ್ದರೆ ಹೊಸದು ಯಾಕೆ ಎಂದು ಅವನು ಏಜೆಂಟರಿಗೆ ಹೇಳುತ್ತಿದ್ದ. ಒಂದು ಚೀಟಿ ಒಳಗೆ ಬಂದು ಮನುಷ್ಯ ಹೊರಗೆ ಹೋಗಲು ಎಷ್ಟು ಹೊತ್ತು ಬೇಕು, ಅದನ್ನು ಶಾಖೆ ಶಾಖೆಗೂ ಅಳೆದು ಹೋಲಿಸುವುದು ಅವನ ಕೆಲಸ. ಗುಂಡಿ ಒತ್ತಿದರೆ ಓಡುವ, ಇನ್ನೊಮ್ಮೆ ಒತ್ತಿದರೆ ನಿಲ್ಲುವ ಗಡಿಯಾರ ತಂದಿದ್ದ.

ಸೋಮವಾರ ಅವನು ಕಟಾಂಜನದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ಆವತ್ತಿನ ಕೆಲಸ ಪೂರ್ತಿ ಹಾಳಾಯಿತು. ಬಂದವರು ಅವನನ್ನೂ ಗಡಿಯಾರವನ್ನೂ ನೋಡಿ ಹಿಂದಕ್ಕೆ ಸರಿದರು. ಒಬ್ಬ ಮುದುಕ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ:

“ಆ ಹುಡುಗ ಯಾರಬೇ? ಕೈಯಾಗ ಏನ ಹಿಡದಾನ?”

“ಗಡಿಯಾರ.”

“ಗ್ವಾಡಿಗೆ ಒಂದ ಐತೆಲ್ಲ. ಅದು ಸತ್ತೈತೇನು?”

“ಜೀವಂತ ಐತಿ. ಒಳಗ ಹೋಗ ನೀ.”

“ನಾಳೆ ಬರ್ತೇನಿ ತಗೋ” ಎಂದು ಅವನು ಹೊರಟೇ ಹೋದ. ಜಪ್ತಿಯವನು ಬಂದಿದ್ದಾನೆ ಎಂದು ಪೇಟೆಯಲ್ಲಿ ಸುದ್ದಿಯಾಯಿತು.

ಅದಕ್ಕೆ ಅಳತೆಯವನು ಮಂಗಳವಾರ ಬೇರೆ ಏರ್ಪಾಡು ಮಾಡಿದ. ತಾನು ಏಜೆಂಟರ ಕೋಣೆಯೊಳಗೆ ಕೂತ. ಹಲಗೆಯಲ್ಲಿ ತೂತು ಕೊರೆಸಿ ಒಂದು ಸುತಳಿ ಹಾಯಿಸಿದ. ಒಳಗಿನ ತುದಿಗೆ ಕರುವಿನ ಕೊರಳಿನ ಸಣ್ಣ ಗಂಟೆ. ಹೊರಗಿನ ತುದಿ ನೀರಿನ ಹರವಿಯ ಪಕ್ಕ ಕೂತ ನನ್ನ ಕೈಗೆ. ನನ್ನನ್ನು ಯಾರೂ ನೋಡುವುದಿಲ್ಲ, ನಾನು ಎಲ್ಲರನ್ನೂ ನೋಡುತ್ತೇನೆ, ಅದಕ್ಕೆ ನಾನು.

“ನೋಡಮ್ಮ” ಎಂದ. “ಯಾರಾದರೂ ಚೀಟಿ ಕೊಟ್ಟ ಕೂಡಲೇ ಒಂದು ಸಲ ಎಳೀಬೇಕು. ಕೆಲಸ ಮುಗಿದ ಕೂಡಲೇ ಎರಡು ಸಲ. ಒಬ್ಬರದು ಮುಗಿಯೋ ತನಕ ಇನ್ನೊಬ್ಬರಿಗೆ ಎಳೀಬಾರದು.”

“ಮುಗೀತು ಅಂತ ನನಗ ಹೆಂಗ ತಿಳೀಬೇಕ್ರಿ?”

“ಹೋಗುವಾಗ ‘ಬರ್ತೀನಿ’ ಅಂತಾರಲ್ಲ, ಆಗ.”

ಆಗಲಿ ಎಂದೆ. ನನ್ನ ತಪ್ಪು ಅಲ್ಲಿಂದ ಶುರುವಾಯಿತು. ನಮ್ಮ ಕಡೆ ಬರ್ತೇನಿ ಎಂದವರು ಹೋಗುವುದಿಲ್ಲ. ಏಳುವಾಗ ಒಮ್ಮೆ, ನೀರು ಕುಡಿದು ಒಮ್ಮೆ, ಬಾಗಿಲಲ್ಲಿ ಒಮ್ಮೆ, ಮೆಟ್ಟಿಲ ಮೇಲೆ ಒಮ್ಮೆ ಅನ್ನುತ್ತಾರೆ. ನಡುವೆ ಎಮ್ಮೆ ಈಯಿತೋ ಇಲ್ಲವೋ ಕೇಳುವುದಿರುತ್ತದೆ. ಈ ಪರವೂರಿನ ಹುಡುಗನಿಗೆ ಅದು ತಿಳಿಯದು, ಹೋಗುವಾಗ ಎಂದರೆ ಹೋಗುವಾಗಲೇ ಎಳೆಯಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಅವನ ಮಾತನ್ನು ನಾನೇ ತಿದ್ದಿಕೊಂಡೆ. ಬಂದವರ ಕಾಲು ಹೊರಗಿನ ಕಲ್ಲಿನ ಮೇಲೆ ಬಿದ್ದಾಗ ಎರಡು ಸಲ ಎಳೆದೆ. ಜಾಣೆ ಎಂದುಕೊಂಡೆ.

ಗಂಟೆಯ ಸದ್ದು ಕೇಳಿ ಮಂದಿ ನಗುತ್ತಿದ್ದರು. ಮುಂಡಗೋಡದ ಒಬ್ಬ ಭತ್ತದ ವ್ಯಾಪಾರಿ ಕ್ಯಾಶಿಯರನನ್ನು ಕೇಳಿದ, “ಸಾಹೇಬರು ಒಳಗ ಕರಾ ಕಟ್ಟ್ಯಾರೇನ್ರಿ?”

“ಹೂನ್ರಿ. ಹಾಲು ಬಂದ್ರ ನಿಮಗೂ ಕೊಡ್ತೇವಿ” ಎಂದ ಕ್ಯಾಶಿಯರ್.

ಬುಧವಾರ ಜೋಯಿಡಾ ಕಡೆಯ ಒಬ್ಬ ಹೆಂಗಸು ಬಂದಳು. ಬಿದಿರು ಕಡಿಯುವವನ ವಿಧವೆ, ಅವಳ ಪರಿಹಾರದ ರೊಕ್ಕವೂ ನಮ್ಮಲ್ಲೇ ಇತ್ತು. ಕೋಗಿಲಬನದ ಮೇಲೆ ದಾಂಡೇಲಿಯ ತನಕ ನಡೆದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದಳು. ಮನೆಮಾತು ಕೊಂಕಣಿ, ಕನ್ನಡ ಅಷ್ಟಕ್ಕಷ್ಟೇ. ಕ್ಯಾಶಿಯರ್ ಕೊಟ್ಟದ್ದನ್ನು ಸೆರಗಿಗೆ ಗಂಟು ಹಾಕಿ, “ಬರ್ತೇನ್ರಿ ಕಾಕಾ” ಎಂದು ಬಾಗಿಲಿಗೆ ತಿರುಗಿದಳು. ಪಾಟಿ ತಪ್ಪಿಸಿಕೊಳ್ಳಲು ಎಲ್ಲರೂ ಹೀಗೇ ಮಾಡುತ್ತಿದ್ದರು.

“ಎಲ್ಲಿ ಬರ್ತಿ? ಕೂಡು. ಪಾಟಿ ತಗೋ.”

“ಮ್ಹಾಕಾ ಯೇನಾ ಕಾಕಾ. ನನಗ ಬರೂದಿಲ್ಲ.”

“ಬಿದರ ಕಡೀಲಿಕ್ಕೆ ಹುಟ್ಟಿದಾಗ ಬರತಿತ್ತೇನು? ಬರಿ.”

ಅವಳು ಬಳಪ ಹಿಡಿದು ಬರೆದಳು. ಕಾಕಾ ಕಟಾಂಜನದ ಮೇಲಿಂದ ಬಗ್ಗಿ ನೋಡಿದರು. “ಇದು ಅಕ್ಷರ ಅಲ್ಲ, ಹಾವು. ಇದರ ತಲಿ ಎಲ್ಲೈತಿ?”

“ತಲಿ ಸಣ್ಣದೈತಿ ಕಾಕಾ. ನಂದೂ ಹಂಗ.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಕಾಕಾ ನಗಲಿಲ್ಲ, ಅಳಿಸು ಎಂದರು. ಒಂದು ಕೈಯಿಂದ ಮುಂದಿನವನ ಚೀಟಿ ತೆಗೆದುಕೊಳ್ಳುತ್ತ, ಇನ್ನೊಂದು ಕೈಯಿಂದ ಗಾಳಿಯಲ್ಲಿ ಅಕ್ಷರ ಬರೆದು ತೋರಿಸುತ್ತಿದ್ದರು. ಅವಳು ಹೊರಗಿನ ಕಲ್ಲು ಮೆಟ್ಟುವ ತನಕ ನಾನು ಸುತಳಿ ಎಳೆಯಲಿಲ್ಲ. ಒಳಗೆ ಗಡಿಯಾರ ಓಡುತ್ತಲೇ ಇತ್ತು.

ಗುರುವಾರ ಮಧ್ಯಾಹ್ನ ಏಜೆಂಟರು ಕೋಣೆಯಿಂದ ಹೊರಗೆ ಬಂದು ಎಲ್ಲರ ಮುಂದೆ ಕಾಕಾನನ್ನು ಹಿಡಿದುಕೊಂಡರು.

“ದಾಂಡೇಲಿ ಶಾಖಾದಾಗ ಗಿರಣಿ ಮಂದಿ ಒಂದ ಬೀಡಿ ಸೇದೂದ್ರಾಗ ಚೀಟಿ ಮುಗೀತದಂತ. ನಿಮ್ಮ ಕಡೆ ಬರೂ ಮಂದಿ ಬುತ್ತಿ ಕಟಗೊಂಡ ಬರಬೇಕು ನೋಡ್ರಿ.”

“ಬುತ್ತಿ ತಂದ್ರ ನನಗೂ ಒಂದ ರೊಟ್ಟಿ ಕೊಡ್ತಾರ ಬಿಡ್ರಿ ಸಾಹೇಬರ.”

“ನಗಸಬ್ಯಾಡ್ರಿ. ಇದು ಮುಂಬೈಗೆ ಹೋಗೂ ಕಾಗದ. ಘಟ್ಟದ ಕೆಳಗ ಎರಡ ಕುರ್ಚಿ ಖಾಲಿ ಅದಾವ. ನಿಮ್ಮನ್ನ ಅಲ್ಲಿ ಒಗದ್ರ ನಾ ಏನೂ ಮಾಡಾಂಗಿಲ್ಲ.”

ಕಾಕಾ ಆಗ ನಶ್ಯದ ಡಬ್ಬಿ ತೆಗೆದರು, ಮುಚ್ಚಳ ತೆಗೆಯಲು ಆಗದೆ ಮತ್ತೆ ಜೇಬಿಗೆ ಹಾಕಿದರು. ಅವರ ಹೆಂಡತಿಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಒಂದು ಬದಿ ಬಿದ್ದುಹೋಗಿತ್ತು. ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಕಾಕಾನೇ. ಮಧ್ಯಾಹ್ನ ಊಟದ ಹೊತ್ತಿಗೆ ಓಡಿ ಹೋಗಿ ಬರುತ್ತಿದ್ದರು. ಆಕೆಯನ್ನು ಘಟ್ಟ ಇಳಿಸುವ ಮಾತೇ ಇರಲಿಲ್ಲ.

ನನಗೆ ಆಗ ಹೊಳೆಯಿತು. ಕಾಕಾನ ಕೆಲಸ ಉದ್ದವಾಗಿರಲಿಲ್ಲ. ಪಾಟಿಯ ಹೊತ್ತು, ನೀರು ಕುಡಿಯುವ ಹೊತ್ತು, ಎಮ್ಮೆ ಈದ ಸುದ್ದಿಯ ಹೊತ್ತು, ಎಲ್ಲವನ್ನೂ ನಾನೇ ಅದಕ್ಕೆ ಕಟ್ಟಿದ್ದೆ. ಆ ಹುಡುಗ ಹೇಳಿದ ಹಾಗೆ, ಮೊದಲ ಸಲ ಬರ್ತೇನಿ ಎಂದಾಗಲೇ ಎಳೆದಿದ್ದರೆ ಲೆಕ್ಕ ಸರಿಯಾಗುತ್ತಿತ್ತು. ದಾಂಡೇಲಿಯವರದೂ ನಮ್ಮದೂ ಒಂದೇ ಆಗುತ್ತಿತ್ತು.

ಇದನ್ನು ಹೋಗಿ ಹೇಳಬೇಕಾಗಿತ್ತು. ಎದ್ದು ಒಳಗೆ ಹೋದರೆ ಹತ್ತು ಹೆಜ್ಜೆ. ಆದರೆ ಮೂರು ದಿನದ ಕೆಲಸ ಕೆಡಿಸಿದೆ ಎಂದು ನನ್ನನ್ನು ತೆಗೆದುಹಾಕಿದರೆ? ಮನೆಯಲ್ಲಿ ಉಣ್ಣುವ ಬಾಯಿ ಇನ್ನೆರಡು ಇದ್ದವು. ಹಾಗಾಗಿ ನಾನು ಅಡುಗೆಮನೆಯ ಬುದ್ಧಿ ಓಡಿಸಿದೆ. ಹಿಟ್ಟು ಗಟ್ಟಿಯಾದರೆ ನೀರು ಹಾಕುತ್ತೇವೆ. ಮೂರು ದಿನ ಉದ್ದ ಎಳೆದದ್ದಕ್ಕೆ ಉಳಿದ ಎರಡು ದಿನ ಗಿಡ್ಡ ಎಳೆದರೆ ಹದಕ್ಕೆ ಬರುತ್ತದೆ. ಕಡೆಗೆ ಎಲ್ಲ ಕೂಡಿಸಿ ಭಾಗಿಸುತ್ತಾರೆ ಎಂದು ಕ್ಯಾಶಿಯರ್ ಹೇಳಿದ್ದನ್ನು ಕೇಳಿದ್ದೆ. ಹಾಗೇ ಮಾಡುವುದು ಎಂದು ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಶುಕ್ರವಾರ ಕಾಕಾ ಬಿಲ್ಲೆ ಕೈಗೆ ಕೊಡುತ್ತಲೇ ಎರಡು ಸಲ ಎಳೆದೆ. ಚೀಟಿ ಇನ್ನೂ ಪುಸ್ತಕದ ಮೇಲೆ ಇರುತ್ತಿತ್ತು, ಏಜೆಂಟರ ಸಹಿ ಆಗಿರುತ್ತಿರಲಿಲ್ಲ. ಒಳಗೆ ಹೋಗುವ ಚೀಟಿಗಳಲ್ಲಿ ಯಾವುದು ಯಾವ ಗಂಟೆಯದೆಂದು ಆ ಹುಡುಗನಿಗೆ ತಿಳಿಯುವಂತಿರಲಿಲ್ಲ. ಮೊದಲೆರಡು ಸಲ ಕೋಣೆಯ ಬಾಗಿಲ ಕಡೆ ನೋಡಿ ಎಳೆದೆ, ಆಮೇಲೆ ರೂಢಿಯಾಯಿತು. ಕಾಕಾ ಕನ್ನಡಕದ ಮೇಲಿಂದ ನನ್ನ ಕೈ ನೋಡಿದರು.

“ತಂಗೀ, ಇವತ್ತ ಕೈಗೆ ಏನ ಹೊಕ್ಕೈತಿ?”

“ಏನಿಲ್ರಿ ಕಾಕಾ.”

ಅವರು ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ಯಾರೋ ಕಟಾಂಜನಕ್ಕೆ ಚೀಟಿ ತಂದು ಬಡಿದರು. ಶನಿವಾರ ಅರ್ಧ ದಿನ. ಅದನ್ನೂ ಹಾಗೇ ಮುಗಿಸಿದೆ. ಎಳೆದ ಸುತಳಿಯಿಂದ ಬೆರಳಿಗೆ ಗೀರು ಬಿದ್ದಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದೇ ನನ್ನ ಮನಸ್ಸಿನಲ್ಲಿತ್ತು.

ಬ್ಯಾಂಕು ಮುಚ್ಚಿದ ಮೇಲೆ ಅಳತೆಯವನು ನೀರು ಕೇಳಿದ. ತಂಬಿಗೆ ತೆಗೆದುಕೊಂಡು ಒಳಗೆ ಹೋದೆ. ಮೇಜಿನ ತುಂಬ ಗೆರೆ ಎಳೆದ ಹಾಳೆಗಳು. ಅವನು ಏಜೆಂಟರಿಗೆ ಹೇಳುತ್ತಿದ್ದ:

“ಗುರುವಾರದ ತನಕ ನಾನು ಇಲ್ಲಿಗೆ ಇನ್ನೊಬ್ಬ ಗುಮಾಸ್ತ ಬೇಕು ಅಂತ ಬರೆದಿದ್ದೆ ಸಾರ್. ಕೆಲಸ ಜಾಸ್ತಿ, ಪಾಪ ಇವರೊಬ್ಬರೇ ಅಂತ. ಈಗ ನೋಡಿ. ನೀವು ಗದರಿಸಿದ ಮೇಲೆ ದಾಂಡೇಲಿಗಿಂತ ಬೇಗ ಮುಗಿಸಿದ್ದಾರೆ. ಅಂದರೆ ಆಗದ ಕೆಲಸ ಅಲ್ಲ. ಬೇಕಂತಲೇ ಎಳೀತಿದ್ದರು.”

ಏಜೆಂಟರು ಹೂಂ ಎಂದರು. ಅವನು ಒಂದು ಸಾಲಿನ ಮೇಲೆ ಗೀಟು ಹೊಡೆದು ಕೆಳಗೆ ಬೇರೆ ಸಾಲು ಬರೆದ. ಶಾಯಿ ಒಣಗಲಿ ಎಂದು ಊದಿದ. ನಾನು ತಂಬಿಗೆ ಹಿಡಿದು ನಿಂತೇ ಇದ್ದೆ. ಆಗಲೂ ಬಾಯಿ ಬಿಡಬಹುದಿತ್ತು. ಅವನು ನೀರು ಕುಡಿದು, “ನೀನಿಲ್ಲದಿದ್ದರೆ ಇದು ಆಗ್ತಿರಲಿಲ್ಲಮ್ಮ” ಎಂದು ತಂಬಿಗೆ ವಾಪಸು ಕೊಟ್ಟ. ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋದ.

ಆ ಹುಡುಗ ಕೆಟ್ಟವನೆಂದು ನಾನು ಹೇಳುವುದಿಲ್ಲ. ಕಂಡದ್ದನ್ನು ಬರೆದ. ಅವನಿಗೆ ಕಂಡದ್ದು ನನ್ನ ಕೈ ಮಾತ್ರ. ಅವನ ಹಾಳೆಯಲ್ಲಿ ಪಾಟಿಯ ಹೊತ್ತು ಬರೆಯಲು ಒಂದು ಮನೆ ಇರಲಿಲ್ಲ, ಅದು ಬೇರೆ ಮಾತು. ನಾನು ಸರಿಯಾಗಿ ಎಳೆದಿದ್ದರೂ ಇರುತ್ತಿರಲಿಲ್ಲ. ಆದರೆ ಕಾಕಾ ಉಳಿಯುತ್ತಿದ್ದರು. ತಪ್ಪಾಗಿಯೇ ಕಡೆಯ ತನಕ ಎಳೆದಿದ್ದರೂ ಅವರಿಗೆ ಕೈಗೊಬ್ಬರು ಸಿಗುತ್ತಿದ್ದರು. ಎರಡನ್ನೂ ಬಿಟ್ಟು ನಡುವಿನದನ್ನು ಮಾಡಿದವಳು ನಾನು.

ತಿಂಗಳು ಕಳೆದ ಮೇಲೆ ಕಾಗದ ಬಂತು. ಕಾಕಾನನ್ನು ಘಟ್ಟದ ಕೆಳಗೆ ವರ್ಗ ಮಾಡಿದ್ದರು. ಎಂಟು ದಿನದ ಗಡುವು. ಅವರು ಹೆಂಡತಿಯನ್ನು ಆಕೆಯ ತಮ್ಮನ ಊರಿಗೆ ಕಳಿಸುವುದೆಂದು ಮಾಡಿದರು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಹಾಸಿಗೆ ಸಮೇತ ಎತ್ತಿ ಇಟ್ಟರು. ಕಾಲ ಕಡೆ ನಾನು ಹಿಡಿದಿದ್ದೆ. ಆಕೆ ಬಾಯಿ ಸೊಟ್ಟ ಮಾಡಿಕೊಂಡು ನನಗೆ ಏನೋ ಅಂದಳು. ಕಾಕಾ ಬಿಡಿಸಿ ಹೇಳಿದರು, “ನಿನಗ ಪುಣ್ಯಾ ಬರಲಿ ಅಂತಾಳ.” ನಾನು ಗಾಡಿಯ ಗಾಲಿ ನೋಡುತ್ತ ನಿಂತೆ.

ಅವರ ಕಡೆಯ ದಿನ ಬ್ಯಾಂಕು ಮುಚ್ಚಿದ ಮೇಲೆ ಕ್ಯಾಶಿಯರ್ ಹೋಗಿದ್ದ, ಏಜೆಂಟರೂ ಹೋಗಿದ್ದರು. ಕಾಕಾ ತಮ್ಮ ಮೇಜಿನ ಸಾಮಾನು ಚೀಲಕ್ಕೆ ತುಂಬುತ್ತಿದ್ದರು. ನಾನು ಎದುರು ಹೋಗಿ ನಿಂತು ಎಲ್ಲ ಹೇಳಿದೆ. ಕಲ್ಲು ಮೆಟ್ಟುವ ತನಕ ಕಾದದ್ದು, ಆಮೇಲೆ ಬಿಲ್ಲೆ ಕೊಟ್ಟ ಕೂಡಲೇ ಎಳೆದದ್ದು. ಅವರು ಕೈ ನಿಲ್ಲಿಸಲಿಲ್ಲ.

“ನೀ ಎಳದಿದ್ದು ನಾ ನೋಡೇನಿ. ಎದುರಿಗೇ ಕೂತಿದ್ದೆಲ್ಲ.”

“ಹಂಗಾರ ನೀವ ಯಾಕ ಹೇಳಲಿಲ್ರಿ ಅವರಿಗೆ?”

“ಏನಂತ ಹೇಳಲಿ? ಕಸಾ ಹೊಡಿಯಾಕಿ ನನ್ನ ಸಲುವಾಗಿ ಸುಳ್ಳು ಗಂಟಿ ಬಾರಿಸ್ಯಾಳ ಅಂತನೋ? ನಾನಽ ಹೇಳಿ ಮಾಡಿಸೇನಿ ಅಂತಿದ್ರು.”

“ನಿಮಗ ಛಲೋ ಆಗಲಿ ಅಂತ ಮಾಡಿದ್ನಿ ಕಾಕಾ.”

ಆಗ ಅವರಿಗೆ ಸಿಟ್ಟು ಬಂತು. ಚೀಲ ಕೆಳಗಿಟ್ಟರು. “ಚಾಕರಿ ಯಾರದು? ನಂದು. ಹೋಗೂದು ಬರೂದು ನಂದು. ಒಂದ ಮಾತ ನನ್ನ ಕೇಳಬೇಕಿತ್ತಿಲ್ಲೋ? ಮೂರ ವರ್ಷ ನಿನಗ ಅಕ್ಷರ ಕಲಿಸಿದೆ, ಬಾಯಿ ಇರಲಿಲ್ಲೇನ ನಿನಗ?”

“ಕೇಳಿದ್ರ ಏನ ಹೇಳತಿದ್ರಿ?”

“ಇದ್ದದ್ದ ಇದ್ದಾಂಗ ಎಳಿ ಅಂತಿದ್ದೆ.”

“ಈಗ ಹೋಗಿ ಸಾಹೇಬರಿಗೆ ಹೇಳ್ತೇನ್ರಿ.”

“ಹೇಳು. ನಿಂದೂ ಹೋಗ್ತದ. ನಂದ ತಿರುಗಿ ಬರೂದಿಲ್ಲ.” ಮೇಜಿನ ಖಾನೆ ತಳ್ಳಿ ಮುಚ್ಚಿ, “ನಿನ್ನ ಇಚ್ಛಾ” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಚೀಲ ಹೆಗಲಿಗೆ ಹಾಕಿ ಹೊರಟರು. ಬರ್ತೇನ್ರಿ ಎಂದು ಯಾರಿಗಾದರೂ ನಾಲ್ಕು ಸಲ ಅನ್ನುವ ಮನುಷ್ಯ, ಆವತ್ತು ಒಮ್ಮೆಯೂ ಅನ್ನಲಿಲ್ಲ. ನಾನು ಬಾಗಿಲು ಹಾಕಿ ಬೀಗ ಜಗ್ಗಿ ನೋಡಿದೆ.

ಏಜೆಂಟರಿಗೆ ನಾನು ಹೇಳಲಿಲ್ಲ. ಆವತ್ತೂ ಇಲ್ಲ, ಆಮೇಲೆ ಹನ್ನೊಂದು ವರ್ಷ ಅದೇ ಬ್ಯಾಂಕಿನಲ್ಲಿ ಕಸ ಹೊಡೆದರೂ ಇಲ್ಲ. ಮುಂಡಗೋಡಕ್ಕೆ ಶಾಖೆ ಬಂತೋ ಬಿಟ್ಟಿತೋ ಕೇಳಿಲ್ಲ.

ಕಾಕಾ ಹೋದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಹೋಗಿ ಕಸ ಹೊಡೆದೆ, ಹರವಿ ತೊಳೆದು ನೀರು ತುಂಬಿದೆ. ಹೊಸ ಕಾರಕೂನ ದಾಂಡೇಲಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ಹುರುಪಿನವನು. ಕೋಟು ಗೂಟಕ್ಕೆ ಹಾಕುವ ಮೊದಲೇ ಮೇಜಿನ ಖಾನೆ ಎಳೆದು, ಪಾಟಿಯನ್ನು ಪಕ್ಕಕ್ಕೆ ಸರಿಸಿ ನೋಡಿದ.

“ಬಾಯಾರ, ಹೆಬ್ಬಟ್ಟಿನ ಪ್ಯಾಡ್ ಒಂದ ಐತೆಲ್ರಿ. ಒಂದರಾಗ ಭಾಳ ಹೊತ್ತಾಗ್ತದ. ಇನ್ನೊಂದ ಮಾಡಿ ಕೊಡ್ರಿ, ಇಬ್ಬಿಬ್ಬರು ಒಮ್ಮೆಲೇ ಒತ್ತಲಿ.”

ಕಪಾಟಿನಲ್ಲಿ ಒಂದು ಖಾಲಿ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು ಒರೆಸಿದೆ. ಹಳೆಯ ಕಂಬಳಿಯ ತುಂಡನ್ನು ಅದರ ಅಳತೆಗೆ ಕತ್ತರಿಸಿ ಒಳಗೆ ಕೂಡಿಸಿದೆ. ಮೇಲೆ ತೆಳುವಾದ ಅರಿವೆ ಬಿಗಿದು, ಶಾಯಿಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಹೀರಲು ಬಿಟ್ಟೆ. ಹದ ಆಯಿತೋ ಇಲ್ಲವೋ ನೋಡಬೇಕಲ್ಲ. ನನ್ನ ಹೆಬ್ಬೆರಳು ಅದರ ಮೇಲೆ ಒತ್ತಿ, ಒಂದು ರದ್ದಿ ಕಾಗದದ ಮೇಲೆ ಊರಿದೆ. ಚೆನ್ನಾಗಿ ಮೂಡಿತು.